ಅಲುಗದ ಅಂಕಿ: ಮಲ್ಲಿಗೆ ತೋಟದಲ್ಲೊಂದು ಸಿಗ್ನಲ್ ಆ್ಯಪ್

ಮೊಬೈಲ್ ಸಿಗ್ನಲ್‌ನ ಮೇಲೆ ನಿಗಾ ಇಡುವ ಆ್ಯಪ್ ತಾನಾಗಿ ಏನನ್ನೂ ಅಳೆಯುವುದಿಲ್ಲ. ಟವರಿನಿಂದ ಬರುವ ಅಲೆಯ ಬಲವನ್ನು ಅಳೆಯುವುದು ಫೋನಿನೊಳಗಿನ ಮೋಡೆಮ್ ಚಿಪ್. ಆ ಅಂಕಿಯನ್ನು ಮೋಡೆಮ್ ಆಂಡ್ರಾಯ್ಡ್‌ಗೆ ಕೊಡುತ್ತದೆ. ಆ್ಯಪ್ ಅದನ್ನು ಆಂಡ್ರಾಯ್ಡ್‌ನಿಂದ ಕೇಳಿ ಪಡೆದು ತೆರೆಯ ಮೇಲೆ ತೋರಿಸುತ್ತದೆ, ಹೇಳಿಟ್ಟರೆ ಸಮಯದ ಸಮೇತ ದಾಖಲೆಯಲ್ಲಿ ಬರೆದಿಡುತ್ತದೆ. ಆ್ಯಪ್ ಕೆಲಸ ಮಾಡುತ್ತಿಲ್ಲ ಎಂದು ದೂರುವವರ ಪೈಕಿ ಹೆಚ್ಚಿನವರ ಮೋಡೆಮೂ ಸರಿಯಿರುತ್ತದೆ, ಆ್ಯಪೂ ಸರಿಯಿರುತ್ತದೆ. ಅವೆರಡರ ನಡುವೆ ನಿಂತ ಆಂಡ್ರಾಯ್ಡ್ ಅಂಕಿಯನ್ನು ಕೊಡದೆ ತಡೆದಿರುತ್ತದೆ. ಇದು ತಿಳಿದಿದ್ದರೆ ದುರಸ್ತಿಯ ಅರ್ಧ ಕೆಲಸ ಮುಗಿದಂತೆ.

ಅಂಕಿ ಬರುವುದು ಡಿಬಿಎಂ ಎಂಬ ಮಾನದಲ್ಲಿ, ಯಾವಾಗಲೂ ಋಣ ಚಿಹ್ನೆಯೊಂದಿಗೆ. ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ ಹೆಚ್ಚು. ಮೂರು ಅಂಕ ಕೆಳಗಿಳಿದರೆ ಬಲ ಅರ್ಧಕ್ಕೆ ಇಳಿಯುತ್ತದೆ, ಹತ್ತು ಅಂಕ ಇಳಿದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. 4ಜಿಯಲ್ಲಿ ನೋಡಬೇಕಾದದ್ದು ಆರ್‌ಎಸ್‌ಆರ್‌ಪಿ ಎಂಬ ಅಂಕಿ. ಅದು −90ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ, −110 ದಾಟಿ ಕೆಳಗೆ ಹೋದರೆ ಮಾತು ಕಡಿಯತೊಡಗುತ್ತದೆ, −120ರ ಹತ್ತಿರ ಕರೆ ಬಂದರೂ ಬಂತು, ಬಾರದಿದ್ದರೂ ಇಲ್ಲ. ತೆರೆಯ ಮೂಲೆಯ ಕಡ್ಡಿಗಳಿಗೆ ಇಂಥ ಒಪ್ಪಿತ ಅಳತೆಯೇ ಇಲ್ಲ. ಆಂಡ್ರಾಯ್ಡ್‌ನ ಮೂಲ ಲೆಕ್ಕದಲ್ಲಿ −98ಕ್ಕಿಂತ ಮೇಲಿದ್ದರೆ ಕಡ್ಡಿಗಳೆಲ್ಲ ತುಂಬುತ್ತವೆ, −118ಕ್ಕಿಂತ ಕೆಳಗೆ ಒಂದೇ ಕಡ್ಡಿ ಉಳಿಯುತ್ತದೆ. ಆದರೆ ಫೋನ್ ತಯಾರಕರೂ ದೂರಸಂಪರ್ಕ ಕಂಪನಿಗಳೂ ಈ ಗೆರೆಗಳನ್ನು ತಮಗೆ ಬೇಕಾದಂತೆ ಸರಿಸಿಕೊಳ್ಳಬಹುದು. ಕಡ್ಡಿಗಳ ಲೆಕ್ಕವೇ ತಪ್ಪಾಗಿತ್ತೆಂದು 2010ರ ಜುಲೈಯಲ್ಲಿ, ಐಫೋನ್ 4ರ ಗದ್ದಲದ ನಡುವೆ, ಆಪಲ್ ಕಂಪನಿ ತಾನೇ ಬಹಿರಂಗ ಪತ್ರದಲ್ಲಿ ಒಪ್ಪಿಕೊಂಡಿತ್ತು. ಕಡ್ಡಿಯನ್ನು ಬಿಟ್ಟು ಅಂಕಿಯನ್ನು ನೋಡುವ ಅಭ್ಯಾಸ ಒಳ್ಳೆಯದೇ. ಆ ಅಂಕಿಯನ್ನು ಮೋಡೆಮ್ ಯಾವಾಗ ಕೊಟ್ಟಿತು ಎಂದು ನೋಡುವ ಅಭ್ಯಾಸವೂ ಜೊತೆಗೇ ಬರಬೇಕು. ಕಷ್ಟ ಶುರುವಾಗುವುದು ಅಲ್ಲಿ.

ಸಿಗ್ನಲ್ ನೋಡುವ ಆ್ಯಪ್ ಲೊಕೇಶನ್ ಅನುಮತಿ ಕೇಳಿದಾಗ ಅನೇಕರು ಅನುಮಾನದಿಂದ ನಿರಾಕರಿಸುತ್ತಾರೆ. ಅನುಮಾನಕ್ಕೆ ಕಾರಣವಿದೆ, ಆದರೆ ಇಲ್ಲಿ ಆ್ಯಪ್ ಮೋಸ ಮಾಡುತ್ತಿರುವುದಿಲ್ಲ. ಪ್ರತಿ ಟವರಿನ ಪ್ರತಿ ದಿಕ್ಕಿಗೂ ಒಂದು ಸೆಲ್ ಐಡಿ ಇರುತ್ತದೆ. ಅದು ಗೊತ್ತಾದರೆ ಫೋನ್ ಯಾವ ಊರಿನ ಯಾವ ಮೂಲೆಯಲ್ಲಿದೆ ಎಂದು ಹೇಳಿಬಿಡಬಹುದು. ಆದ್ದರಿಂದಲೇ ಆಂಡ್ರಾಯ್ಡ್ ಸೆಲ್ ಮಾಹಿತಿಯನ್ನು ಲೊಕೇಶನ್ ಮಾಹಿತಿಯ ಜೊತೆ ಒಂದೇ ಬೀಗದಲ್ಲಿಟ್ಟಿದೆ. 2018ರ ಆಂಡ್ರಾಯ್ಡ್ 9ರಿಂದ ಈ ಬೀಗ ಬಿಗಿಯಾಗತೊಡಗಿತು. ಅನುಮತಿ ಕೊಟ್ಟರೆ ಸಾಲದು, ಫೋನಿನ ಲೊಕೇಶನ್ ಗುಂಡಿಯೂ ಚಾಲೂ ಇರಬೇಕು. 2019ರ ಆಂಡ್ರಾಯ್ಡ್ 10ರಿಂದ ಹಿನ್ನೆಲೆಯಲ್ಲಿ ಓದಲು ಬೇರೆಯೇ ಅನುಮತಿಯೂ ಬೇಕು. ಆಂಡ್ರಾಯ್ಡ್ 11ರಲ್ಲಿ ‘ಈ ಬಾರಿ ಮಾತ್ರ’ ಎಂಬ ಆಯ್ಕೆ ಬಂತು. ಅದನ್ನು ಒತ್ತಿದವರ ಆ್ಯಪ್ ಇಂದು ಓಡಿ ನಾಳೆ ಕೈಕೊಡುತ್ತದೆ. ಬಹುಕಾಲ ತೆರೆಯದ ಆ್ಯಪ್‌ನ ಅನುಮತಿಯನ್ನು ಆಂಡ್ರಾಯ್ಡ್ ತಾನೇ ಹಿಂತೆಗೆದುಕೊಳ್ಳುವುದೂ ಆಗಲೇ ಸೇರಿತು. ಆಂಡ್ರಾಯ್ಡ್ 12ರಲ್ಲಿ ನಿಖರ ಜಾಗವೋ ಅಂದಾಜು ಜಾಗವೋ ಎಂಬ ಪ್ರಶ್ನೆ ಬಂತು. ಅಂದಾಜು ಎಂದು ಒತ್ತಿದರೆ ಸೆಲ್ ವಿವರ ಸಿಗುವುದಿಲ್ಲ. ಹೀಗಾಗಿ ಆ್ಯಪ್ ಖಾಲಿ ತೋರಿಸಿದರೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ನ ಲೊಕೇಶನ್ ಅನುಮತಿಯಲ್ಲಿ ‘ಎಲ್ಲ ಸಮಯದಲ್ಲಿ’, ‘ನಿಖರ’ ಎಂಬೆರಡೂ ಇವೆಯೇ ಎಂದು ನೋಡಬೇಕು. ಅಳಿಸಿ ಮತ್ತೆ ಹಾಕಿಕೊಳ್ಳುವುದು ಆಮೇಲಿನ ಮಾತು.

ಖಾಲಿ ತೋರಿಸುವ ಆ್ಯಪ್‌ನಿಂದ ಅಪಾಯವಿಲ್ಲ, ಕೆಟ್ಟಿದೆ ಎಂದು ಅದೇ ಹೇಳಿಕೊಳ್ಳುತ್ತದೆ. ಹಳೆಯ ಅಂಕಿಯನ್ನು ಹೊಸದೆಂಬಂತೆ ತೋರಿಸುತ್ತ ಕೂರುವ ಆ್ಯಪ್‌ನಿಂದ ಅಪಾಯವಿದೆ. ತೆರೆ ಆರಿ ಫೋನ್ ಅಲುಗದೆ ಬಿದ್ದಿದ್ದರೆ ಆಂಡ್ರಾಯ್ಡ್ ಅದನ್ನು ಜೊಂಪಿಗೆ ತಳ್ಳುತ್ತದೆ. 2015ರ ಆಂಡ್ರಾಯ್ಡ್ 6ರಿಂದಲೂ ಈ ಏರ್ಪಾಡಿದೆ. ಬ್ಯಾಟರಿ ಸೇವರ್ ಹಾಕಿದ್ದರೆ ಅನೇಕ ಫೋನುಗಳಲ್ಲಿ ತೆರೆ ಆರಿದೊಡನೆ ಲೊಕೇಶನ್ ಸೇವೆಯೂ ನಿಲ್ಲುತ್ತದೆ. ಕೆಲವು ತಯಾರಕರು ಇನ್ನೂ ಮುಂದೆ ಹೋಗಿ, ಆಟೋಸ್ಟಾರ್ಟ್ ಪಟ್ಟಿಯಲ್ಲಿಲ್ಲದ ಆ್ಯಪ್‌ಗಳನ್ನು ಹಿನ್ನೆಲೆಯಲ್ಲಿ ಕೊಂದೇಬಿಡುತ್ತಾರೆ. ಆಗ ಆ್ಯಪ್ ಕೇಳಿದರೂ ಹೊಸ ಅಂಕಿ ಬರುವುದಿಲ್ಲ. ಸರಿಯಾಗಿ ಬರೆದ ಆ್ಯಪ್ ಆ ಹೊತ್ತಿಗೆ ದಾಖಲೆಯಲ್ಲಿ ಖಾಲಿ ಬಿಡುತ್ತದೆ. ಸರಿಯಾಗಿ ಬರೆಯದ ಆ್ಯಪ್ ಕೊನೆಯ ಅಂಕಿಯನ್ನೇ ನಿಮಿಷ ನಿಮಿಷಕ್ಕೂ ಬರೆಯುತ್ತ ಹೋಗುತ್ತದೆ, ನೋಟಿಫಿಕೇಶನ್‌ನಲ್ಲೂ ಅದನ್ನೇ ನಿಲ್ಲಿಸಿರುತ್ತದೆ.

ಈ ದೋಷ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ದಿಂಡಿಗಲ್ ಜಿಲ್ಲೆಯ ನಿಲಕ್ಕೋಟ್ಟೈ ತಾಲ್ಲೂಕಿನ ಒಂದು ಮಲ್ಲಿಗೆ ತೋಟದ ಅನುಭವ ಸಾಕ್ಷಿ. ತೋಟ ಈ ಲೇಖಕಿಯ ತವರಿನದು. ಕಂಬಂ ಕಣಿವೆಯ ಕಾಪ್ಪಿಲಿಯರಂತೆ, ಮದುರೈ–ದಿಂಡಿಗಲ್ ಕಡೆಯ ಅನುಪ್ಪರಂತೆ, ಮನೆಯೊಳಗೆ ಕನ್ನಡ ಉಳಿಸಿಕೊಂಡು ಪೇಟೆಯಲ್ಲಿ ತಮಿಳಾಡುವ ಒಕ್ಕಲು ಮನೆತನ ಅದು. ಮದುರೈ ಮಲ್ಲಿ ಎಂದು 2013ರಲ್ಲಿ ಭೌಗೋಳಿಕ ಗುರುತು ಪಡೆದ ಹೂವಿನ ಸೀಮೆಗೆ ನಿಲಕ್ಕೋಟ್ಟೈಯೂ ಸೇರಿದೆ. ಪಡುವಣಕ್ಕೆ ಕೊಡೈಕಾನಲ್ ಬೆಟ್ಟಸಾಲು, ಈಶಾನ್ಯಕ್ಕೆ ಸಿರುಮಲೈ, ನಡುವಿನ ಬಯಲಿನಲ್ಲಿ ಹೂದೋಟಗಳು. ಮಲ್ಲಿಗೆಯನ್ನು ಮೊಗ್ಗಾಗಿದ್ದಾಗಲೇ ಬಿಡಿಸಬೇಕು. ಸಂಜೆಗೆ ಅದು ಅರಳುತ್ತದೆ, ಅರಳಿದ ಹೂವಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಆದ್ದರಿಂದ ಕತ್ತಲಿರುವಾಗಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಹೆಂಗಸರು ಸಾಲಿಗಿಳಿಯುತ್ತಾರೆ. ಬೆಳಕು ಹರಿಯುವ ಮುಂಚೆ ಮಂಡಿಯಿಂದ ಕರೆ ಬರುತ್ತದೆ: ಇವತ್ತಿನ ದರ ಇಷ್ಟು, ಮೂಟೆ ನಿಲಕ್ಕೋಟ್ಟೈ ಮಾರುಕಟ್ಟೆಗೋ ದಿಂಡಿಗಲ್ಲಿಗೋ ಮದುರೈಯ ಮಾಟ್ಟುತ್ತಾವಣಿಗೋ, ವ್ಯಾನ್ ಯಾವ ತಿರುವಿನಲ್ಲಿ ನಿಲ್ಲುತ್ತದೆ. ಆ ಒಂದು ಕರೆ ತಪ್ಪಿದರೆ ಇಡೀ ದಿನದ ದುಡಿಮೆ ತಪ್ಪಿದಂತೆ.

ಕೆಲವು ಮುಂಜಾನೆ ಕರೆ ತಪ್ಪತೊಡಗಿತು. ಹಗಲಿನಲ್ಲಿ ಅದೇ ಜಾಗದಲ್ಲಿ ಫೋನ್ ಚೆನ್ನಾಗಿಯೇ ಇರುತ್ತಿತ್ತು. ಅಣ್ಣನ ಮಗ ಸಿಗ್ನಲ್ ದಾಖಲಿಸುವ ಆ್ಯಪ್ ಒಂದನ್ನು ಅಣ್ಣನ ಫೋನಿಗೆ ಹಾಕಿ, ಕಡ್ಡಿ ನೋಡಬೇಡ, ಈ ಅಂಕಿ ನೋಡು ಎಂದು ಹೇಳಿಕೊಟ್ಟ. ರಾತ್ರಿಗಳ ದಾಖಲೆ ಸೇರಿತು. ಅದನ್ನು ಹಿಡಿದು ದೂರಸಂಪರ್ಕ ಕಂಪನಿಯ ಕಚೇರಿಗೆ ಹೋದಾಗ ಅಲ್ಲಿದ್ದ ಅಧಿಕಾರಿ ಫೋನನ್ನು ಕೈಗೂ ತೆಗೆದುಕೊಳ್ಳದೆ ತೆರೆಯ ಮೇಲಿನ ಗೆರೆ ನೋಡಿದರು. ರಾತ್ರಿಯಿಂದ ಬೆಳಗಿನವರೆಗೆ −96. ‘ನಿಮ್ಮ ದಾಖಲೆಯೇ ಹೇಳ್ತಾ ಇದೆ ಸಿಗ್ನಲ್ ಚೆನ್ನಾಗಿದೆ ಅಂತ. ಫೋನ್ ಹಳೆಯದು, ಬದಲಾಯಿಸಿ’ ಎಂದು ತಮಿಳಿನಲ್ಲಿ ಹೇಳಿ ದೂರನ್ನು ಮುಗಿದದ್ದೆಂದು ಗುರುತು ಹಾಕಿದರು. ರೇಡಿಯೋ ಅಲೆ ಎಂದೂ ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ. ಮೇಜಿನ ಮೇಲೆ ಇಟ್ಟ ಫೋನಿನಲ್ಲೂ ಅದು ಎರಡು ಮೂರು ಅಂಕ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಟವರಿನ ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಂಡವರಿಗೆ ಆ ನೇರ ಗೆರೆಯನ್ನು ಕಂಡೊಡನೆ ಅನುಮಾನ ಬರಬೇಕಿತ್ತು. ಹೂವಿನವರಿಗೆ ಗೊತ್ತಿಲ್ಲದಿರುವುದು ಸಹಜ, ಟವರಿನವರಿಗೆ ಗೊತ್ತಿಲ್ಲದಿರುವುದು ಸಹಜವಲ್ಲ.

ತೈ ತಿಂಗಳ ಮುಹೂರ್ತದ ಹಿಂದಿನ ದಿನ ಎಲ್ಲಕ್ಕಿಂತ ಕೆಟ್ಟದ್ದಾಯಿತು. ಚಳಿಗೆ, ಇಬ್ಬನಿಗೆ ಮೊಗ್ಗು ಕಡಿಮೆ ಬಿಡುವ ಕಾಲ ಅದು. ಮದುವೆಗಳು ಸಾಲಾಗಿ ಬಂದು ದರ ಕಿಲೋಗೆ ಸಾವಿರಗಳ ಲೆಕ್ಕಕ್ಕೆ ಏರುವುದೂ ಆಗಲೇ. ವರ್ಷದ ಸಾಲ ತೀರುವುದು ಇಂಥ ಕೆಲವೇ ದಿನಗಳಲ್ಲಿ. ಅಂದು ಕೂಲಿಗೆ ಹೆಚ್ಚು ಹೆಂಗಸರನ್ನು ಕರೆದು, ಎಂದಿಗಿಂತ ಬೇಗ ಬಿಡಿಸಿ, ಒದ್ದೆ ಬಟ್ಟೆ ಸುತ್ತಿದ ಮೂಟೆಗಳನ್ನು ಕಟ್ಟೆಯ ಮೇಲಿಟ್ಟಾಗಿತ್ತು. ಕರೆಂಟ್ ಹೋಗಿತ್ತು. ಅಣ್ಣ ಫೋನ್ ಹಿಡಿದು ಕೂತಿದ್ದ. ಮೂಲೆಯಲ್ಲಿ ಒಂದೇ ಕಡ್ಡಿ ಕಾಣುತ್ತಿತ್ತು. ಅತ್ತಿಗೆ ಅದನ್ನು ತೋರಿಸಿ, ರಸ್ತೆಯವರೆಗೆ ಹೋಗಿ ನೋಡಿ ಎಂದು ಎರಡು ಸಲ ಹೇಳಿದಳು. ಅಣ್ಣ ಕೆಳಗಿನ ನೋಟಿಫಿಕೇಶನ್ ತೋರಿಸಿದ, −96. ಸಿಗ್ನಲ್ ಇದೆ, ಮಂಡಿಯಲ್ಲಿ ಇನ್ನೂ ದರ ಕಟ್ಟಿಲ್ಲ, ಅದಕ್ಕೇ ಕರೆ ಬಂದಿಲ್ಲ ಎಂದ. ಕಚೇರಿಯಲ್ಲಿ ದೊಡ್ಡವರೊಬ್ಬರು ಈ ಅಂಕಿ ಸರಿ ಎಂದು ಮುದ್ರೆ ಒತ್ತಿದ್ದರಲ್ಲ, ಅವನು ಮತ್ತೇನನ್ನು ನಂಬಬೇಕಿತ್ತು? ಪೂರ್ವ ಬಿಳಿಚಿತು. ಮೂಟೆಯ ಬಟ್ಟೆಗೆ ಮತ್ತೆ ನೀರು ಚಿಮುಕಿಸಿದರು. ಕೂಲಿಯ ಹೆಂಗಸರು ದುಡ್ಡಿಗಾಗಿ ಕಾದು ನಿಂತಿದ್ದರು. ದೂರದ ಹೆದ್ದಾರಿಯಲ್ಲಿ ಹೂವಿನ ಗಾಡಿಗಳು ಒಂದರ ಹಿಂದೊಂದು ಹೋಗುವ ಸದ್ದು ಕೇಳುತ್ತಿತ್ತು. ಬಿಸಿಲು ಕಟ್ಟೆಗೆ ಬಂದ ಮೇಲೆ ಅಣ್ಣ ತಾನೇ ಮಂಡಿಗೆ ಕರೆ ಮಾಡಲು ನೋಡಿದ, ಹೋಗಲಿಲ್ಲ. ಆಗ ಎದ್ದು ರಸ್ತೆಗೆ ಓಡಿದ. ಅಲ್ಲಿ ಫೋನಿಗೆ ಬೇರೆ ಟವರ್ ಸಿಕ್ಕಿ, ತಪ್ಪಿದ ಕರೆಗಳ ಸಂದೇಶ ಸಾಲಾಗಿ ಇಳಿಯಿತು. ಮಂಡಿಯವರು ಕತ್ತಲಿರುವಾಗಿನಿಂದ ಕರೆಯುತ್ತಲೇ ಇದ್ದರು. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂಬ ದನಿಯನ್ನೇ ಕೇಳಿ ಕೇಳಿ, ವ್ಯಾನನ್ನು ಪಕ್ಕದ ಊರಿಗೆ ತಿರುಗಿಸಿದ್ದರು. ಆ ಹೊತ್ತಿಗೆ ಮುಹೂರ್ತದ ಖರೀದಿ ಮುಗಿದಿತ್ತು. ಮೂಟೆಗಳು ಸೆಂಟ್ ಕಾರ್ಖಾನೆಗೆ ಹೋದವು. ಅರಳಿದ ಹೂವನ್ನು ಅವರು ಕೊಳ್ಳುತ್ತಾರೆ, ದರ ಮಾತ್ರ ಮುಹೂರ್ತದ ದರದ ಹತ್ತಿರಕ್ಕೂ ಬರುವುದಿಲ್ಲ. ಕೂಲಿ ಕೊಡಲು ಅತ್ತಿಗೆಯ ಬಳೆ ಅಡಕ್ಕೆ ಹೋಯಿತು. ಆ ಬೆಳಗಿನ ಹೊಣೆ ಅಣ್ಣನದಲ್ಲ, ಒಂದು ನಿಮಿಷ ದಾಖಲೆಯನ್ನು ಕೆಳಗೆ ಸರಿಸಿ ನೋಡದೆ ದೂರು ಮುಚ್ಚಿದ ಅಧಿಕಾರಿಯದು ಎಂಬುದು ಈ ಲೇಖಕಿಯ ಖಚಿತ ಅಭಿಪ್ರಾಯ.

ಆಮೇಲೆ ದಾಖಲೆಯನ್ನು ಸಾಲು ಸಾಲಾಗಿ ಓದಿದಾಗ ದೋಷ ತಾನೇ ಕಂಡಿತು. ಪ್ರತಿ ನಿಮಿಷಕ್ಕೂ ಸಾಲಿತ್ತು, ಆದರೆ ಎಲ್ಲ ಸಾಲಿನಲ್ಲೂ ಅದೇ ಅಂಕಿ, ಅದೇ ಸೆಲ್ ಐಡಿ, ಕೊನೆಯ ಅಂಕೆಯೂ ಬದಲಾಗದ ಅದೇ ಅಕ್ಷಾಂಶ ರೇಖಾಂಶ. ಬ್ಯಾಟರಿ ಉಳಿಯಲೆಂದು ಸೇವರ್ ಹಾಕಿದ್ದ ಫೋನ್ ಅದು. ರಾತ್ರಿ ತೆರೆ ಆರಿದ ಕ್ಷಣದ ಅಂಕಿಯೇ ಬೆಳಗಿನವರೆಗೆ ನಕಲಾಗುತ್ತ ಬಂದಿತ್ತು.

ಇಂಥ ಅನುಮಾನ ಬಂದಾಗ ಪರೀಕ್ಷೆ ಸುಲಭ. ಆ್ಯಪ್ ಓಡುತ್ತಿರುವಾಗ ಏರೋಪ್ಲೇನ್ ಮೋಡ್ ಹಾಕಬೇಕು. ಅಂಕಿ ತಕ್ಷಣ ಮಾಯವಾಗಬೇಕು, ಆಗದಿದ್ದರೆ ಅದು ಹಳೆಯದು. ಮೋಡ್ ತೆಗೆದು, ತೆರೆ ಆರಿಸಿ, ಫೋನನ್ನು ಮನೆಯೊಳಗಿನ ಕತ್ತಲೆ ಕೋಣೆಗೂ ಅಂಗಳಕ್ಕೂ ಒಯ್ದು ಅರ್ಧ ಗಂಟೆಯ ಮೇಲೆ ದಾಖಲೆ ನೋಡಿದರೆ ಗೋಡೆಯ ಒಳಗೂ ಹೊರಗೂ ವ್ಯತ್ಯಾಸ ಕಾಣಬೇಕು. ಕಾಣದಿದ್ದರೆ ಆ್ಯಪ್‌ನ ಬ್ಯಾಟರಿ ಬಳಕೆಯನ್ನು ‘ನಿರ್ಬಂಧವಿಲ್ಲ’ ಎಂದು ಬದಲಿಸಿ, ಬ್ಯಾಟರಿ ಸೇವರ್ ತೆಗೆದು, ಆಟೋಸ್ಟಾರ್ಟ್ ಇರುವ ಫೋನಿನಲ್ಲಿ ಅದನ್ನೂ ಕೊಟ್ಟು ಮತ್ತೆ ನೋಡಬೇಕು. ರಾತ್ರಿಯಿಡೀ ದಾಖಲಿಸುವುದಾದರೆ ಚಾರ್ಜರ್‌ಗೆ ಅಥವಾ ಪವರ್ ಬ್ಯಾಂಕ್‌ಗೆ ಹಾಕಿಡುವುದು ಮೇಲು.

ಆ್ಯಪ್‌ನ ಅಂಕಿಯನ್ನು ಫೋನಿನ ಸ್ವಂತ ಅಂಕಿಯೊಂದಿಗೆ ತಾಳೆ ಹಾಕಲೂ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ಬಗೆಗಿನ ಪುಟದೊಳಗೆ ಸಿಮ್ ಸ್ಥಿತಿ ಎಂಬಲ್ಲಿ ಸಿಗ್ನಲ್ ಬಲ ಇರುತ್ತದೆ. ಅನೇಕ ಫೋನುಗಳಲ್ಲಿ *#*#4636#*#* ಒತ್ತಿದರೂ ಸಿಗುತ್ತದೆ. ಡಿಬಿಎಂ ಪಕ್ಕದಲ್ಲಿ ಎಎಸ್‌ಯು ಎಂಬ ಇನ್ನೊಂದು ಅಂಕಿ ಕಂಡರೆ ಗೊಂದಲ ಬೇಡ. 4ಜಿಯಲ್ಲಿ ಅದರಿಂದ 140 ಕಳೆದರೆ ಡಿಬಿಎಂ ಬರುತ್ತದೆ, 44 ಎಂದಿದ್ದರೆ −96. 2ಜಿಯಲ್ಲಿ ಎರಡರಿಂದ ಗುಣಿಸಿ 113 ಕಳೆಯಬೇಕು. ಐಫೋನ್‌ನ ಮಾತು ಬೇರೆ. ಹೊರಗಿನ ಆ್ಯಪ್‌ಗಳಿಗೆ ಸಿಗ್ನಲ್ ಬಲವನ್ನು ಆಪಲ್ ಕೊಡುವುದೇ ಇಲ್ಲ. ಅಲ್ಲಿನ ಆ್ಯಪ್‌ಗಳು ವೇಗ ಅಳೆದು ತೋರಿಸುತ್ತವೆ ಅಷ್ಟೇ. ಅಂಕಿ ಬೇಕಾದವರು *3001#12345#* ಒತ್ತಿ ಫೋನಿನದೇ ಪರೀಕ್ಷಾ ಪುಟವನ್ನು ನೋಡಬೇಕು.

ದೋಷವಲ್ಲದ್ದು ದೋಷದಂತೆ ಕಾಣುವ ಸಂದರ್ಭಗಳೂ ಇವೆ. ಮೂಲೆಯಲ್ಲಿ 5ಜಿ ಎಂದಿದ್ದು ಆ್ಯಪ್ ಎಲ್‌ಟಿಇ (ಅಂದರೆ 4ಜಿ) ಎಂದರೆ ಎರಡೂ ನಿಜವಿರಬಹುದು. ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ 5ಜಿ ಆರಂಭವಾದಾಗ ಏರ್‌ಟೆಲ್ 4ಜಿಯನ್ನು ಆಧಾರವಾಗಿಟ್ಟುಕೊಂಡ ಬಗೆಯನ್ನೂ ಜಿಯೋ ತಾನೇ ನಿಲ್ಲುವ ಬಗೆಯನ್ನೂ ಆರಿಸಿಕೊಂಡವು. ಮೊದಲ ಬಗೆಯಲ್ಲಿ ಫೋನ್ ಕಟ್ಟಿಕೊಂಡಿರುವುದು 4ಜಿ ಟವರಿಗೇ. ಎರಡು ಸಿಮ್ ಇರುವಲ್ಲಿ ಆ್ಯಪ್ ಡೇಟಾ ಸಿಮ್‌ನ ಅಂಕಿ ತೋರಿಸುತ್ತಿದ್ದು, ಕರೆ ತಪ್ಪುತ್ತಿರುವುದು ಇನ್ನೊಂದು ಸಿಮ್‌ನಲ್ಲಿರಬಹುದು. ವೈಫೈ ಕರೆ ಚಾಲೂ ಇದ್ದರೆ ಅಂಕಿ ಕೆಟ್ಟಿದ್ದರೂ ಮಾತು ಚೆನ್ನಾಗಿ ಕೇಳುತ್ತದೆ. ಮದುರೈಯ ಚಿತ್ತಿರೈ ಹಬ್ಬದಂಥ ಜನಜಾತ್ರೆಯಲ್ಲಿ ಅಂಕಿ ಚೆನ್ನಾಗಿದ್ದೂ ಕರೆ ಹೋಗದಿರುವುದುಂಟು. ಅಲ್ಲಿ ಅಲೆಯ ಬಲಕ್ಕೆ ಕೊರತೆಯಿಲ್ಲ, ಅದನ್ನು ಹಂಚಿಕೊಳ್ಳುವವರು ಹೆಚ್ಚು. ಆಗ ಆರ್‌ಎಸ್‌ಆರ್‌ಕ್ಯೂ, ಎಸ್‌ಐಎನ್‌ಆರ್ ಎಂಬ, ಸಿಗ್ನಲ್‌ನ ಗುಣಮಟ್ಟ ಹೇಳುವ ಪಕ್ಕದ ಅಂಕಿಗಳನ್ನು ನೋಡಬೇಕು. ಕಂಬಂ ಕಣಿವೆಯವರಿಗೆ ಮತ್ತೊಂದು ಸಂಗತಿ ಎದುರಾಗುತ್ತದೆ. ಗೂಡಲೂರು, ಲೋವರ್ ಕ್ಯಾಂಪ್ ದಾಟಿ ಕುಮಿಳಿಯ ಘಾಟಿ ಹತ್ತುವಾಗ, ಅಥವಾ ಬೋಡಿಮೆಟ್ಟಿನ ತಿರುವುಗಳಲ್ಲಿ, ಫೋನ್ ಕೇರಳದ ಟವರ್ ಹಿಡಿಯುತ್ತದೆ. ಆ್ಯಪ್‌ನ ಜಾಲ ಸಂಖ್ಯೆ ಇದನ್ನು ಹೇಳುತ್ತದೆ. ಜಿಯೋ ಆದರೆ ತಮಿಳುನಾಡಿಗೆ 405–869, ಕೇರಳಕ್ಕೆ 405–862. ದೂರು ಕೊಡುವ ಮೊದಲು ಯಾವ ದೂರಸಂಪರ್ಕ ವೃತ್ತದ ಟವರ್ ಎಂದು ತಿಳಿದಿರಬೇಕು, ಇಲ್ಲವಾದರೆ ಒಂದು ಕಚೇರಿ ಇನ್ನೊಂದರ ಕಡೆ ಕೈ ತೋರಿಸುತ್ತದೆ.

ಸೆಲ್ ಐಡಿಯ ಉಪಯೋಗ ಇನ್ನೂ ದೊಡ್ಡದು. 4ಜಿಯಲ್ಲಿ ಆ ದೊಡ್ಡ ಸಂಖ್ಯೆಯನ್ನು 256ರಿಂದ ಭಾಗಿಸಿದರೆ ಬರುವ ಪೂರ್ಣಾಂಕ ಟವರಿನ ಗುರುತು, ಉಳಿಯುವ ಶೇಷ ಅದರ ದಿಕ್ಕಿನ ಗುರುತು. ನಿಲಕ್ಕೋಟ್ಟೈಯ ತೋಟದಲ್ಲಿ ಅನುಮತಿಗಳನ್ನು ಸರಿಪಡಿಸಿ, ಬೇರೆ ತಯಾರಿಕೆಯ ಇನ್ನೊಂದು ಫೋನನ್ನೂ ಪಕ್ಕದಲ್ಲಿಟ್ಟು ಮಾಡಿದ ಹೊಸ ದಾಖಲೆಯಲ್ಲಿ ನಿಜ ಬಿಚ್ಚಿಕೊಂಡಿತು. ಕರೆಂಟ್ ಹೋದ ಮುಂಜಾನೆಗಳಲ್ಲಿ ಸ್ವಲ್ಪ ಹೊತ್ತು ಎಲ್ಲ ಸರಿ. ಆಮೇಲೆ ಹತ್ತಿರದ ಟವರಿನ ಗುರುತು ಎರಡೂ ಫೋನಿನಲ್ಲಿ ಒಟ್ಟಿಗೇ ಮಾಯವಾಗಿ, ಬೇರೊಂದು ದೂರದ ಗುರುತು ಬಂದು, ಅಂಕಿ −118ರ ಕೆಳಗೆ ಜಾರುತ್ತಿತ್ತು. ಕರೆಂಟ್ ಬಂದ ಮೇಲೆ ಹಳೆಯ ಗುರುತು ಮರಳುತ್ತಿತ್ತು. ಹಳೆಯ ಫೋನಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಟವರಿನ ಬ್ಯಾಟರಿ ತಾಳುತ್ತಿರಲಿಲ್ಲ.

ದೂರಿಗೆ ದಾರಿ ಹೀಗಿದೆ. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ಒಬ್ಬೊಬ್ಬರ ದೂರನ್ನು ತಾನು ವಿಚಾರಿಸುವುದಿಲ್ಲ. ಅದು 2012ರಲ್ಲಿ ಮಾಡಿದ ನಿಯಮಗಳಂತೆ ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದಾಖಲಿಸಿ ಡಾಕೆಟ್ ಸಂಖ್ಯೆ ಪಡೆಯಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಮೇಲ್ಮನವಿ 39 ದಿನಗಳೊಳಗೆ ತೀರ್ಮಾನವಾಗಬೇಕು, ಶುಲ್ಕವಿಲ್ಲ. ಅದೂ ಫಲಿಸದಿದ್ದರೆ ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ವಿಭಾಗವಿದೆ. ಸುತ್ತಮುತ್ತ ಯಾರ ಟವರ್‌ಗಳಿವೆ ಎಂದು 2017ರಿಂದ ಇರುವ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ನೋಡಬಹುದು. 2024ರ ಗುಣಮಟ್ಟ ನಿಯಮಗಳ ಪ್ರಕಾರ ಕಂಪನಿಗಳು ತಮ್ಮ ಸಿಗ್ನಲ್ ಇರುವ ಜಾಗಗಳ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ತೋಟ ಆ ನಕ್ಷೆಯಲ್ಲಿ ಬಣ್ಣದೊಳಗಿದ್ದರೆ ಅದನ್ನೂ ಮೇಲ್ಮನವಿಗೆ ಲಗತ್ತಿಸಬೇಕು. ಸ್ಕ್ರೀನ್‌ಶಾಟ್ ಒಂದೇ ಸಾಲದು. ಒಂದು ಕ್ಷಣದ ಚಿತ್ರವನ್ನು ಯಾರು ಹೇಗೆ ಬೇಕಾದರೂ ಓದಬಹುದು. ಆ್ಯಪ್‌ನಿಂದ ಸಿಎಸ್‌ವಿ ಕಡತವನ್ನು ಹೊರತೆಗೆದು ದಿನಾಂಕ, ಗಂಟೆ, ಸೆಲ್ ಐಡಿ, ಅಂಕಿ ಇರುವ ಕಾಲಂಗಳನ್ನು ಮುದ್ರಿಸಿ, ಕರೆಂಟ್ ಹೋದ ಮತ್ತು ಬಂದ ಹೊತ್ತನ್ನು ಪಕ್ಕದಲ್ಲಿ ಕೈಯಿಂದ ಬರೆದು, ಎರಡು ಫೋನುಗಳ ದಾಖಲೆಯನ್ನು ಅಕ್ಕಪಕ್ಕ ಇಡಬೇಕು. ತವರಿನ ಮೇಲ್ಮನವಿ ಹೋದದ್ದು ಹೀಗೆ. ಟವರಿನ ಬ್ಯಾಟರಿಗಳನ್ನು ಬದಲಿಸಲು ಆಳುಗಳು ಬಂದರು. ಆ್ಯಪ್ ಈಗಲೂ ತೋಟದ ಮನೆಯ ಫೋನಿನಲ್ಲಿ ಓಡುತ್ತಿದೆ, ಕರೆಂಟ್ ಹೋದ ಮುಂಜಾನೆಯೂ ಅಂಕಿ −92ರಿಂದ −97ರ ನಡುವೆ ಆಡುತ್ತದೆ.